ದಶಮಾಂಶವನ್ನು ಸಂಕ್ಷಿಪ್ತ ಭಿನ್ನರಾಶಿಗೆ ತರುವಾಗಿನ ದೋಷಗಳು: ಪತ್ತೆ ಮತ್ತು ಪರಿಹಾರ

0.375 ಎಂಬ ದಶಮಾಂಶವನ್ನು 375/1000 ಎಂದು ಬರೆದು, ಅಂಶ ಮತ್ತು ಛೇದ ಎರಡನ್ನೂ 125ರಿಂದ ಭಾಗಿಸಿ 3/8 ಎಂದು ಮುಗಿಸುವುದು ಶಾಲೆಯಲ್ಲಿ ಎಲ್ಲರೂ ಕಲಿತ ಪಾಠ. ಆದರೂ ಇಷ್ಟು ಚಿಕ್ಕ ಲೆಕ್ಕ ನೋಟ್‌ಬುಕ್ಕಿನಲ್ಲಿ ಒಂದು ಬಗೆಯಾಗಿ, ಎಕ್ಸೆಲ್ ಹಾಳೆಯಲ್ಲಿ ಇನ್ನೊಂದು ಬಗೆಯಾಗಿ, ನಾವೇ ಬರೆದ ಪ್ರೋಗ್ರಾಮಿನಲ್ಲಿ ಮತ್ತೊಂದು ಬಗೆಯಾಗಿ ಕೆಡುತ್ತದೆ. ಉತ್ತರ ತಪ್ಪಿದ ಕೂಡಲೇ ಎಲ್ಲರ ಅನುಮಾನವೂ ಸಂಕ್ಷೇಪಿಸುವ ಹಂತದ ಮೇಲೆ ಬೀಳುತ್ತದೆ. ಮಹತ್ತಮ ಸಾಮಾನ್ಯ ಅಪವರ್ತನವನ್ನು, ಅಂದರೆ ಮ.ಸಾ.ಅ.ವನ್ನು, ತಪ್ಪಾಗಿ ತೆಗೆದಿರಬೇಕೆಂದು ಮತ್ತೆ ಮತ್ತೆ ಭಾಗಿಸಿ ನೋಡುತ್ತಾರೆ. ನಾನು ಕಂಡ ಮಟ್ಟಿಗೆ ದೋಷ ಅಲ್ಲಿ ಅಡಗಿರುವುದು ಅಪರೂಪ. ಕೈಗೆ ಬಂದ ದಶಮಾಂಶ ನಿಖರವಾದದ್ದೇ, ಎಲ್ಲೋ ತುಂಡರಿಸಿದ್ದೇ, ಅಥವಾ ದಶಮಾಂಶವೇ ಅಲ್ಲದ್ದೇ ಎಂದು ವಿಚಾರಿಸದೆ ಲೆಕ್ಕಕ್ಕೆ ಇಳಿದುದರಲ್ಲೇ ಬಹುಪಾಲು ದೋಷಗಳ ಮೂಲವಿರುತ್ತದೆ.

ಆದ್ದರಿಂದ ಮೊದಲು ಎರಡು ಪರೀಕ್ಷೆಗಳನ್ನು ಮಾಡಬೇಕು, ಮತ್ತು ಅವೆರಡನ್ನೂ ಒಂದರೊಳಗೊಂದು ಬೆರೆಸಬಾರದು. ಬಂದ ಭಿನ್ನರಾಶಿಯ ಅಂಶವನ್ನು ಛೇದದಿಂದ ಭಾಗಿಸಿ, ಮೂಲ ದಶಮಾಂಶ ಮರಳಿ ಬರುತ್ತದೆಯೇ ಎಂದು ನೋಡುವುದು ಬೆಲೆಯ ಪರೀಕ್ಷೆ. ಅಂಶ ಮತ್ತು ಛೇದಗಳಿಗೆ 1ನ್ನು ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಉಳಿದಿದೆಯೇ ಎಂದು ನೋಡುವುದು ರೂಪದ ಪರೀಕ್ಷೆ. ಬೆಲೆ ಸರಿಯಿದ್ದು ರೂಪ ಮಾತ್ರ ಕೆಟ್ಟಿದ್ದರೆ ಸಂಕ್ಷೇಪಣೆಯನ್ನು ಶಂಕಿಸಬಹುದು. ಬೆಲೆಯೇ ತಪ್ಪಿದ್ದರೆ ಸಂಕ್ಷೇಪಣೆಯ ಗೊಡವೆಗೇ ಹೋಗಬಾರದು, ಏಕೆಂದರೆ ಅಂಶ ಮತ್ತು ಛೇದಗಳನ್ನು ಒಂದೇ ಸಂಖ್ಯೆಯಿಂದ ಸರಿಯಾಗಿ ಭಾಗಿಸಿದರೆ ಬೆಲೆ ಬದಲಾಗುವುದಿಲ್ಲ. ತಪ್ಪು ಅದಕ್ಕೂ ಹಿಂದೆಯೇ ಆಗಿರುತ್ತದೆ. ಎರಡೂ ಸರಿಯಿದ್ದು ಉತ್ತರ ಮಾತ್ರ ವಿಚಿತ್ರವಾಗಿ ಕಂಡರೆ, ಅದು ಮೂರನೆಯ ವರ್ಗದ ದೋಷ. ಈ ಬರಹದ ಹೆಚ್ಚಿನ ಭಾಗ ಅದಕ್ಕೇ ಮೀಸಲು.

ಚುಕ್ಕಿ ನಿಜಕ್ಕೂ ದಶಮಾಂಶದ ಚುಕ್ಕಿಯೇ?

ಪಹಣಿಯಲ್ಲಿ 2.20 ಎಂದು ಕಂಡ ವಿಸ್ತೀರ್ಣವನ್ನು 2 1/5 ಎಕರೆ ಎಂದು ಪರಿವರ್ತಿಸಿದವರ ಲೆಕ್ಕದಲ್ಲಿ ಗಣಿತದ ತಪ್ಪೇನೂ ಇರುವುದಿಲ್ಲ. ಉತ್ತರ ಮಾತ್ರ ಹನ್ನೆರಡು ಗುಂಟೆಯಷ್ಟು ಕಡಿಮೆ ಬಂದಿರುತ್ತದೆ. ಗುಂಟೆ ಲೆಕ್ಕವಿರುವ ಕಡೆ ಆ ಬರಹದ ಅರ್ಥ 2 ಎಕರೆ 20 ಗುಂಟೆ, ಒಂದು ಎಕರೆಗೆ 40 ಗುಂಟೆ, ಹಾಗಾಗಿ ಸರಿಯಾದ ಭಿನ್ನರಾಶಿ 2 20/40, ಅಂದರೆ 2 1/2 ಎಕರೆ. ಇದೇ 2.20 ದಕ್ಷಿಣ ಕನ್ನಡದ ಕಡೆಯ ಸೆಂಟ್ಸ್ ಲೆಕ್ಕದ್ದಾಗಿದ್ದರೆ, ಎಕರೆಗೆ 100 ಸೆಂಟ್ಸ್ ಇರುವುದರಿಂದ, ಅದು ಅಚ್ಚುಕಟ್ಟಾದ ದಶಮಾಂಶವೇ ಆಗಿರುತ್ತದೆ ಮತ್ತು 2 1/5 ಎಂಬ ಉತ್ತರವೇ ಸರಿಯಾಗುತ್ತದೆ. ಕ್ರಿಕೆಟ್ಟಿನ 4.3 ಓವರ್ ಎಂದರೆ ನಾಲ್ಕು ಓವರ್ ಮತ್ತು ಮೂರು ಎಸೆತ. ಅದು 4 3/10 ಅಲ್ಲ, 4 1/2. 1.30 ಗಂಟೆಯೂ 1 3/10 ಗಂಟೆಯಲ್ಲ, ಒಂದೂವರೆ ಗಂಟೆ.

ಇದನ್ನು ಪತ್ತೆ ಹಚ್ಚಲು ಒಂದು ಸಂಖ್ಯೆಯನ್ನು ನೋಡಿದರೆ ಸಾಲದು, ಇಡೀ ಕಾಲಂ ಮೇಲೆ ಕಣ್ಣಾಡಿಸಬೇಕು. ಚುಕ್ಕಿಯ ನಂತರದ ಭಾಗ ಎಲ್ಲಿಯೂ 39ನ್ನು ದಾಟದಿದ್ದರೆ ಗುಂಟೆ, 59ನ್ನು ದಾಟದಿದ್ದರೆ ನಿಮಿಷ, ಒಂದೇ ಅಂಕಿಯಿದ್ದು 5ನ್ನು ದಾಟದಿದ್ದರೆ ಎಸೆತ ಎಂದು ಬಲವಾಗಿ ಶಂಕಿಸಬಹುದು. ಒಂದೇ ಒಂದು ಕಡೆ ಚುಕ್ಕಿಯ ನಂತರ 85 ಕಂಡರೂ ಈ ಮೂರೂ ಶಂಕೆಗಳು ಬಿದ್ದುಹೋಗುತ್ತವೆ. ಇಂಥ ಅಂಕಿಗಳನ್ನು ಎಕ್ಸೆಲ್‌ಗೆ ಹಾಗೆಯೇ ಹೊಡೆದಿದ್ದರೆ ತೊಂದರೆ ದುಪ್ಪಟ್ಟಾಗುತ್ತದೆ, ಏಕೆಂದರೆ ಅದು ಕೊನೆಯ ಸೊನ್ನೆಯನ್ನು ಕಳಚಿ 2.20ನ್ನು 2.2 ಎಂದು ತೋರಿಸುತ್ತದೆ. ಅದು ಎರಡು ಗುಂಟೆಯೋ ಇಪ್ಪತ್ತು ಗುಂಟೆಯೋ ಎಂಬುದು ಆಮೇಲೆ ನೋಡಿದವರಿಗೆ ತಿಳಿಯುವುದಿಲ್ಲ. ಎಕರೆಗೊಂದು, ಗುಂಟೆಗೊಂದು ಎಂದು ಎರಡು ಕಾಲಂ ಇಡುವುದೊಂದೇ ಇದಕ್ಕೆ ಪರಿಹಾರ.

ಬೆಲೆಯೇ ತಪ್ಪಿದಾಗ

ಕಾಗದದ ಮೇಲಿನ ಲೆಕ್ಕದಲ್ಲಿ ಬೆಲೆ ತಪ್ಪಿದ್ದರೆ ಕಾರಣ ಹೆಚ್ಚೂಕಡಿಮೆ ಯಾವಾಗಲೂ ಸ್ಥಾನಬೆಲೆ. 0.05ನ್ನು 5/10 ಎಂದು ಬರೆದು 1/2 ಎಂದು ಸಂಕ್ಷೇಪಿಸಿದವರು ಚುಕ್ಕಿಯ ಪಕ್ಕದ ಸೊನ್ನೆಯನ್ನು ಲೆಕ್ಕಕ್ಕೆ ಹಿಡಿದಿಲ್ಲ, 0.125ನ್ನು 125/100 ಎಂದು ಬರೆದವರು ಅಂಕಿಗಳನ್ನು ಎಣಿಸಿಲ್ಲ. ಚುಕ್ಕಿಯ ಬಲಕ್ಕೆ ಎಷ್ಟು ಅಂಕಿಗಳಿವೆಯೋ 1ರ ಮುಂದೆ ಅಷ್ಟೇ ಸೊನ್ನೆಗಳು ಛೇದದಲ್ಲಿರಬೇಕು ಎಂಬ ನಿಯಮವನ್ನು ಬೆರಳಿಟ್ಟು ಎಣಿಸಿ ಪರೀಕ್ಷಿಸಿದರೆ ಸಾಕು. 1ಕ್ಕಿಂತ ಕಡಿಮೆ ಇರುವ ದಶಮಾಂಶಕ್ಕೆ 125/100ರಂಥ ವಿಷಮ ಭಿನ್ನರಾಶಿ ಬಂದಿದೆಯೆಂದರೆ ಎಣಿಸುವ ಅಗತ್ಯವೂ ಇಲ್ಲ.

ಮಿಶ್ರ ಭಿನ್ನರಾಶಿಯನ್ನು ಒಂದೇ ಸಾಲಿನಲ್ಲಿ ಟೈಪ್ ಮಾಡುವಾಗ 3 3/4 ಎಂಬುದರ ನಡುವಿನ ಜಾಗ ಅಳಿಸಿಹೋಗಿ 33/4 ಆಗುವುದೂ ಉಂಟು. ಇದು ಗಣಿತದ ದೋಷವಲ್ಲ, ಆದರೆ ಪ್ರಶ್ನೆಪತ್ರಿಕೆಗಳಲ್ಲಿ ಇದರಿಂದ ಆಗುವ ಗೊಂದಲ ಕಡಿಮೆಯೇನಲ್ಲ. 15/4 ಎಂದೇ ಬರೆಯುವುದು ಕ್ಷೇಮ.

ಬೆಲೆ ಸರಿ, ಸಂಕ್ಷೇಪಣೆ ಅರ್ಧಕ್ಕೆ ನಿಂತಿದೆ

0.5625ನ್ನು ತೆಗೆದುಕೊಳ್ಳೋಣ. 5625/10000 ಎಂದು ಬರೆದು, 25ರಿಂದ ಭಾಗಿಸಿ 225/400 ಮಾಡಿ, ಇನ್ನು ಹೊಡೆದುಹಾಕಲು ಏನೂ ಇಲ್ಲವೆಂದು ಕೈಬಿಟ್ಟರೆ ಉತ್ತರ ಅರ್ಧಕ್ಕೆ ನಿಂತಂತೆ. ಇನ್ನೊಮ್ಮೆ 25ರಿಂದ ಭಾಗಿಸಿದರೆ 9/16 ಬರುತ್ತದೆ. ಎಲ್ಲಿಯವರೆಗೆ ಭಾಗಿಸಬೇಕು ಎಂಬ ಪ್ರಶ್ನೆಗೆ ಪಾಠ ಹೇಳುವವರು ಅಷ್ಟಾಗಿ ಒತ್ತಿ ಹೇಳದ ಒಂದು ಸುಲಭ ಉತ್ತರವಿದೆ. 10, 100, 1000 ಇವೆಲ್ಲವುಗಳ ಅವಿಭಾಜ್ಯ ಅಪವರ್ತನಗಳು 2 ಮತ್ತು 5 ಮಾತ್ರ. ಆದ್ದರಿಂದ ಅಂತ್ಯಗೊಳ್ಳುವ ದಶಮಾಂಶದಿಂದ ಹುಟ್ಟಿದ ಭಿನ್ನರಾಶಿಯನ್ನು 2 ಅಥವಾ 5ರಿಂದಲ್ಲದೆ ಬೇರೆ ಯಾವ ಅವಿಭಾಜ್ಯ ಸಂಖ್ಯೆಯಿಂದಲೂ ಸಂಕ್ಷೇಪಿಸಲು ಸಾಧ್ಯವೇ ಇಲ್ಲ. 111/1000ರ ಅಂಶ 3ರಿಂದ ಭಾಗವಾಗುತ್ತದೆಂದು ಕಂಡು ಅದರ ಹಿಂದೆ ಬೀಳುವುದು ವ್ಯರ್ಥ, ಏಕೆಂದರೆ ಛೇದದಲ್ಲಿ 3 ಇಲ್ಲ, ಇರಲಾರದು. ಅಂಶ ಬೆಸಸಂಖ್ಯೆಯಾಗಿದ್ದು ಅದರ ಕೊನೆಯಂಕಿ 5 ಅಲ್ಲದಿದ್ದರೆ ಅಲ್ಲಿಗೆ ಕೆಲಸ ಮುಗಿಯಿತು. 9/16ರಲ್ಲಿ ಛೇದಕ್ಕೆ 2 ಮಾತ್ರ ಉಳಿದಿದೆ, ಅಂಶ ಬೆಸಸಂಖ್ಯೆ, ಹಾಗಾಗಿ ಮುಂದೆ ಹೋಗುವ ಹಾದಿಯಿಲ್ಲ.

ಅಂಕಿಗಳು ಹೆಚ್ಚಿದ್ದಾಗ ಯೂಕ್ಲಿಡನ ಭಾಗಾಕಾರ ಕ್ರಮವೇ ವಿಶ್ವಾಸಾರ್ಹ. 10000ವನ್ನು 5625ರಿಂದ ಭಾಗಿಸಿದರೆ ಶೇಷ 4375. 5625ನ್ನು 4375ರಿಂದ ಭಾಗಿಸಿದರೆ ಶೇಷ 1250. 4375ನ್ನು 1250ರಿಂದ ಭಾಗಿಸಿದರೆ ಶೇಷ 625. 1250ನ್ನು 625ರಿಂದ ಭಾಗಿಸಿದರೆ ಶೇಷವಿಲ್ಲ. ಕೊನೆಯ ಭಾಜಕ 625 ಇಲ್ಲಿನ ಮ.ಸಾ.ಅ. ಈ ಕ್ರಮದಲ್ಲಿ ಶೇಷಗಳನ್ನು ಮಾತ್ರ ನೋಡಿ ಭಾಗಲಬ್ಧಗಳನ್ನು ಎಸೆಯುವುದು ವಾಡಿಕೆ. ದೋಷ ಹುಡುಕುವವರು ಅವುಗಳನ್ನು ಎಸೆಯಬಾರದು. ಮುಂದಿನ ವಿಭಾಗದಲ್ಲಿ ರೋಗ ತಿಳಿಸುವುದು ಅವೇ.

ಎರಡೂ ಪರೀಕ್ಷೆ ಪಾಸಾದರೂ ಉತ್ತರ ಒಪ್ಪಿಗೆಯಾಗದಿದ್ದರೆ

ಯಾರೋ 0.4615 ಎಂಬ ಸಂಖ್ಯೆ ಕೊಟ್ಟು ಭಿನ್ನರಾಶಿ ಕೇಳುತ್ತಾರೆ. 4615/10000, ಮ.ಸಾ.ಅ. 5, ಉತ್ತರ 923/2000. ಮರಳಿ ಭಾಗಿಸಿದರೆ 0.4615 ಬರುತ್ತದೆ, ಸಂಕ್ಷೇಪಣೆಯೂ ಪೂರ್ಣವಾಗಿದೆ. ಆದರೆ ಕೇಳಿದವರು ನಿರೀಕ್ಷಿಸಿದ್ದು 6/13. ಅವರ ಬಳಿ ಮೊದಲಿದ್ದದ್ದು 0.461538461538… ಎಂಬ ಮುಗಿಯದ ಆವರ್ತ ದಶಮಾಂಶ. ಯಾರೋ ಎಲ್ಲಿಯೋ ಅದನ್ನು ನಾಲ್ಕು ಅಂಕಿಗಳಿಗೆ ಮೊಟಕುಗೊಳಿಸಿದ್ದಾರೆ. 0.333ಕ್ಕೆ 333/1000 ಬಂದಾಗ, ಶೇಕಡಾ 66.67ಕ್ಕೆ 6667/10000 ಬಂದಾಗ ಆಗಿರುವುದೂ ಇದೇ. ಛೇದ 2 ಮತ್ತು 5ರಿಂದ ಮಾತ್ರ ಕೂಡಿದ್ದು, ಸಂಕ್ಷೇಪಿಸಿದ ಮೇಲೂ ನೂರು, ಸಾವಿರಗಳಲ್ಲೇ ಉಳಿದಿದ್ದರೆ, ಮೊಟಕಾದ ದಶಮಾಂಶವೆಂದು ಶಂಕಿಸಲು ಅದೇ ಮೊದಲ ಲಕ್ಷಣ.

ಖಚಿತಪಡಿಸಿಕೊಳ್ಳಲು ಯೂಕ್ಲಿಡನ ಕ್ರಮವನ್ನೇ ಮತ್ತೆ ನಡೆಸಿ, ಈ ಸಲ ಭಾಗಲಬ್ಧಗಳನ್ನು ಬರೆದಿಟ್ಟುಕೊಳ್ಳಬೇಕು. 10000ವನ್ನು 4615ರಿಂದ ಭಾಗಿಸಿದರೆ ಭಾಗಲಬ್ಧ 2, ಶೇಷ 770. 4615ನ್ನು 770ರಿಂದ ಭಾಗಿಸಿದರೆ ಭಾಗಲಬ್ಧ 5, ಶೇಷ 765. 770ನ್ನು 765ರಿಂದ ಭಾಗಿಸಿದರೆ ಭಾಗಲಬ್ಧ 1, ಶೇಷ 5. 765ನ್ನು 5ರಿಂದ ಭಾಗಿಸಿದರೆ ಭಾಗಲಬ್ಧ 153, ಶೇಷವಿಲ್ಲ. 2, 5, 1 ಎಂದು ಸಣ್ಣ ಹೆಜ್ಜೆಯಲ್ಲಿ ಬರುತ್ತಿದ್ದ ಭಾಗಲಬ್ಧಗಳ ಸಾಲಿನಲ್ಲಿ ಹಠಾತ್ತಾಗಿ 153 ಬಂದಿದೆ. ನಿಜವಾದ ಭಿನ್ನರಾಶಿ ಅದರ ಹಿಂದಿನ ಹೆಜ್ಜೆಗೇ ಮುಗಿದಿತ್ತು, ಆಮೇಲಿನದು ಮೊಟಕುಗೊಳಿಸಿದ್ದರ ಕಸ ಎಂಬುದಕ್ಕೆ ಇದು ಗುರುತು. 153ನ್ನು ಬಿಟ್ಟು, ಉಳಿದವನ್ನು ಕೊನೆಯಿಂದ ಕಟ್ಟುತ್ತಾ ಬನ್ನಿ: 5ಕ್ಕೆ 1/1 ಸೇರಿಸಿದರೆ 6, 2ಕ್ಕೆ 1/6 ಸೇರಿಸಿದರೆ 13/6, ಅದನ್ನು ತಿರುವಿದರೆ 6/13.

0.142857 ಇನ್ನೂ ಸ್ಪಷ್ಟ. 10 ಲಕ್ಷವನ್ನು 142857ರಿಂದ ಭಾಗಿಸಿದರೆ ಭಾಗಲಬ್ಧ 7, ಶೇಷ ಬರೀ 1. ಮುಂದಿನ ಭಾಗಲಬ್ಧ 142857. ಇಲ್ಲಿ ಅಡಗಿದ್ದದ್ದು 1/7 ಎಂದು ಹೇಳಲು ಹೆಚ್ಚು ಯೋಚಿಸಬೇಕಿಲ್ಲ.

ಆದರೆ ಈ ವಿಧಾನವನ್ನು ಎಲ್ಲಿಯೂ ಕಣ್ಣು ಮುಚ್ಚಿ ಬಳಸಬಾರದು. ಅದೇ ಸಂಖ್ಯೆಯನ್ನು 0.46 ಎಂದು ಎರಡೇ ಅಂಕಿಗಳಲ್ಲಿ ಕೊಟ್ಟಿದ್ದರೆ ಭಾಗಲಬ್ಧಗಳು 2, 5, 1, 3 ಎಂದು ಬರುತ್ತವೆ. ಕೊನೆಯ 3ರಲ್ಲಿ ಅಸಹಜವಾದದ್ದೇನೂ ಇಲ್ಲ. 23/50 ಎಂಬುದೇ ಅದರ ನೇರ ಉತ್ತರ, 6/13 ಎನ್ನಲು ಯಾವ ಆಧಾರವೂ ಇಲ್ಲ. ಎಷ್ಟು ಅಂಕಿಗಳಿದ್ದರೆ ಎಷ್ಟು ದೊಡ್ಡ ಛೇದವನ್ನು ನಂಬಬಹುದು ಎಂಬುದಕ್ಕೆ ಒಂದು ಅಳತೆಯಿದೆ. 100ಕ್ಕಿಂತ ಚಿಕ್ಕ ಛೇದಗಳಿರುವ ಎರಡು ಬೇರೆ ಬೇರೆ ಭಿನ್ನರಾಶಿಗಳ ನಡುವಿನ ಅಂತರ 1/(99 × 98)ಕ್ಕಿಂತ, ಅಂದರೆ ಸುಮಾರು 0.000103ಕ್ಕಿಂತ, ಕಡಿಮೆಯಾಗಲಾರದು, ನಾಲ್ಕು ದಶಮಾಂಶ ಸ್ಥಾನಗಳಿಗೆ ಸರಿಹೊಂದಿಸಿದ ಸಂಖ್ಯೆಯ ಅನಿಶ್ಚಿತತೆಯ ಅಗಲವಾದರೋ 0.0001. ಆದ್ದರಿಂದ ಆ ಅಗಲದೊಳಗೆ ಅಂಥ ಭಿನ್ನರಾಶಿ ಒಂದಕ್ಕಿಂತ ಹೆಚ್ಚು ಹಿಡಿಸುವುದಿಲ್ಲ. ಇದೇ ತರ್ಕದಂತೆ ಎರಡು ಸ್ಥಾನಗಳಿದ್ದರೆ 10ಕ್ಕಿಂತ ಚಿಕ್ಕ ಛೇದವನ್ನು, ಆರು ಸ್ಥಾನಗಳಿದ್ದರೆ 1000ಕ್ಕಿಂತ ಚಿಕ್ಕ ಛೇದವನ್ನು ನಂಬಬಹುದು. ಎರಡು ಅಂಕಿಗಳಿಂದ 13ರ ಛೇದವನ್ನು ಹಿಡಿಯಹೊರಟರೆ ಅದು ಊಹೆಯಾದೀತೇ ಹೊರತು ಲೆಕ್ಕವಾಗದು.

ಭಾಗಲಬ್ಧಗಳಲ್ಲಿ ಹಠಾತ್ ಜಿಗಿತವಿಲ್ಲದ ಒಂದು ಉದಾಹರಣೆಯನ್ನೂ ನೋಡಬೇಕು. ಕ್ರಿ.ಶ. 499ರ ತನ್ನ ಕೃತಿಯಲ್ಲಿ ಆರ್ಯಭಟ 20000 ವ್ಯಾಸದ ವೃತ್ತಕ್ಕೆ 62832 ಪರಿಧಿಯನ್ನು ಹೇಳಿ, ಅದನ್ನು ‘ಆಸನ್ನ’, ಅಂದರೆ ನಿಜಕ್ಕೆ ಹತ್ತಿರವಾದದ್ದು, ಎಂದು ಎಚ್ಚರಿಕೆಯಿಂದ ಗುರುತಿಸಿದ್ದಾನೆ. ದಶಮಾಂಶದಲ್ಲಿ ಅದು 3.1416, 16ರಿಂದ ಸಂಕ್ಷೇಪಿಸಿದರೆ 3927/1250. ಇದರ ಭಾಗಲಬ್ಧಗಳು 3, 7, 16, 11. 7ರಲ್ಲಿ ನಿಲ್ಲಿಸಿದರೆ ಶಾಲೆಯ 22/7, 16ರಲ್ಲಿ ನಿಲ್ಲಿಸಿದರೆ 355/113, ಕೊನೆಯವರೆಗೆ ಹೋದರೆ 3927/1250. ಯಾವುದೂ ಎದ್ದು ಕಾಣುವಂತೆ ದೊಡ್ಡದಲ್ಲ, ಆದ್ದರಿಂದ 3.1416ರೊಳಗೆ ಇಂಥದ್ದೇ ಭಿನ್ನರಾಶಿ ಅಡಗಿದೆ ಎನ್ನಲು ಬರುವುದಿಲ್ಲ. π ಅಭಾಗಲಬ್ಧ ಸಂಖ್ಯೆಯಾದ್ದರಿಂದ ಅದಕ್ಕೆ ನಿಖರ ಭಿನ್ನರಾಶಿಯೇ ಇಲ್ಲವಲ್ಲ. ಅಂದಹಾಗೆ ಸಮೀಕರಣಗಳಿಗೆ ಪೂರ್ಣಾಂಕದ ಉತ್ತರ ಹುಡುಕುವ ಆರ್ಯಭಟನ ಕುಟ್ಟಕ ವಿಧಾನದ ಬುಡದಲ್ಲಿರುವುದೂ ಇದೇ ಪರಸ್ಪರ ಭಾಗಾಕಾರ. ಭಾಗಲಬ್ಧಗಳನ್ನು ಎಸೆಯದೆ ಸಾಲಾಗಿ ಬರೆದಿಟ್ಟುಕೊಳ್ಳುವ ರೂಢಿ ಅಲ್ಲಿಯೂ ಇದೆ.

ಆವರ್ತವೆಂದು ಮೊದಲೇ ಗೊತ್ತಿದ್ದೂ ತಪ್ಪುವುದು

ಸಂಖ್ಯೆ ಆವರ್ತವೆಂದು ತಿಳಿದಿದ್ದರೆ ಊಹೆ ಬೇಕಿಲ್ಲ. ಆವರ್ತಿಸುವ ಅಂಕಿಗಳಷ್ಟು 9ಗಳನ್ನು ಛೇದದಲ್ಲಿ ಇಟ್ಟರಾಯಿತು. 0.2727… ಎಂದರೆ 27/99, ಅಂದರೆ 3/11. ದೋಷ ಬರುವುದು ಆವರ್ತ ಚುಕ್ಕಿಯ ಪಕ್ಕದಿಂದಲೇ ಶುರುವಾಗದಿದ್ದಾಗ. 0.1666…ನ್ನು 16/99 ಎಂದು ಬರೆಯುವವರು 0.1616…ರ ಉತ್ತರವನ್ನು ಬರೆದಿರುತ್ತಾರೆ. ಆವರ್ತಿಸುವ ಪ್ರತಿ ಅಂಕಿಗೆ ಒಂದು 9, ಆವರ್ತಿಸದ ಪ್ರತಿ ಅಂಕಿಗೆ ಒಂದು 0 ಛೇದದಲ್ಲಿ ಬರಬೇಕು; ಅಂಶದಲ್ಲಿ ಇಡೀ ಸಂಖ್ಯೆಯಿಂದ ಆವರ್ತಿಸದ ಭಾಗವನ್ನು ಕಳೆಯಬೇಕು. ಹಾಗಾಗಿ (16 − 1)/90 = 15/90 = 1/6. ಅದೇ ರೀತಿ 0.58333… ಎಂದರೆ (583 − 58)/900 = 525/900 = 7/12. ಕಳೆಯುವುದನ್ನು ಮರೆತು 583/900 ಎಂದು ಬರೆದರೆ ಮರಳಿ ಭಾಗಿಸಿದಾಗ 0.64777… ಬಂದು ಗುಟ್ಟು ರಟ್ಟಾಗುತ್ತದೆ.

ಇಲ್ಲಿ ಸಂಕ್ಷೇಪಿಸುವಾಗ 2 ಮತ್ತು 5ನ್ನು ಮಾತ್ರ ಪರೀಕ್ಷಿಸುವ ಹಿಂದಿನ ಸೂತ್ರ ಸಾಲದು. 9ರಲ್ಲಿ 3, 99ರಲ್ಲಿ 3 ಮತ್ತು 11, 999ರಲ್ಲಿ 3 ಮತ್ತು 37 ಇವೆ. 37/999 ಕಂಡಾಗ ಅದು 1/27 ಎಂದು ಹೊಳೆಯುವುದು ಈ 37ರ ಪರಿಚಯ ಇದ್ದವರಿಗೆ ಮಾತ್ರ. 999999ರಲ್ಲಂತೂ 3, 7, 11, 13, 37 ಎಲ್ಲವೂ ಇವೆ. ಅಷ್ಟು ದೂರ ಹೋದ ಮೇಲೆ ಅಪವರ್ತನಗಳನ್ನು ಒಂದೊಂದಾಗಿ ಹುಡುಕುವುದಕ್ಕಿಂತ ಯೂಕ್ಲಿಡನ ಕ್ರಮಕ್ಕೆ ಮರಳುವುದೇ ಲೇಸು.

ಪ್ರೋಗ್ರಾಮಿನಲ್ಲಿ ಬರುವ ದೈತ್ಯ ಛೇದಗಳು

ಪೈಥಾನ್ ಭಾಷೆಯಲ್ಲಿ ಭಿನ್ನರಾಶಿಗಳಿಗೆಂದೇ ಇರುವ ಫ್ರ್ಯಾಕ್ಷನ್ ವರ್ಗಕ್ಕೆ 0.1 ಎಂಬ ಸಂಖ್ಯೆಯನ್ನು ನೇರವಾಗಿ ಕೊಟ್ಟರೆ 1/10 ಬರುವುದಿಲ್ಲ, 3602879701896397/36028797018963968 ಬರುತ್ತದೆ. ಇದನ್ನು ಮೊದಲ ಬಾರಿ ಕಂಡವರು ಭಾಷೆಯಲ್ಲೇ ದೋಷವಿದೆ ಎಂದುಕೊಳ್ಳುವುದು ಸಹಜ. ಆದರೆ ಛೇದವನ್ನು ಗಮನಿಸಿ: ಅದು 2ರ ಘಾತ 55. ಛೇದ 2ರ ಶುದ್ಧ ಘಾತವಾಗಿದ್ದು ಹದಿನಾರು ಹದಿನೇಳು ಅಂಕಿಗಳಷ್ಟು ಉದ್ದವಿದ್ದರೆ, ದೋಷ ನಿಮ್ಮ ಮ.ಸಾ.ಅ. ತೆಗೆಯುವ ಕಾರ್ಯದಲ್ಲಿಲ್ಲ (ಫಂಕ್ಷನ್), ಸಂಖ್ಯೆ ಯಂತ್ರದೊಳಗೆ ಕಾಲಿಟ್ಟ ಬಗೆಯಲ್ಲಿದೆ.

ಕಾರಣ ಹಿಂದೆ ನೋಡಿದ್ದೇ. ಹತ್ತರ ಪದ್ಧತಿಯಲ್ಲಿ ಛೇದಕ್ಕೆ 2 ಮತ್ತು 5 ಮಾತ್ರ ಇದ್ದಾಗ ದಶಮಾಂಶ ಅಂತ್ಯಗೊಳ್ಳುತ್ತದೆ. ಕಂಪ್ಯೂಟರಿನ ಎರಡರ ಪದ್ಧತಿಯಲ್ಲಿ ಛೇದಕ್ಕೆ 2 ಮಾತ್ರ ಇರಬೇಕು. 1/10ರ ಛೇದದಲ್ಲಿ 5 ಇರುವುದರಿಂದ ನಮಗೆ 0.1 ಎಂದು ಒಂದೇ ಅಂಕಿಯಲ್ಲಿ ಮುಗಿಯುವ ಸಂಖ್ಯೆ ಯಂತ್ರಕ್ಕೆ 0.000110011001100… ಎಂಬ ಮುಗಿಯದ ಆವರ್ತ. ಯಂತ್ರದೊಳಗೆ ಸಂಖ್ಯೆಗಳನ್ನು ಇಡಲು ಬಳಸುವ ಐಇಇಇ 754 ಮಾನಕದ ಡಬಲ್ ಮಾದರಿ ಅದನ್ನು 53 ಬಿಟ್‌ಗಳಿಗೆ ಮೊಟಕುಗೊಳಿಸುತ್ತದೆ. ಹಾಗಾಗಿ ಪೈಥಾನ್ ಕೊಟ್ಟ ದೈತ್ಯ ಭಿನ್ನರಾಶಿ, 0.333ಕ್ಕೆ ಬಂದ 333/1000ದ ಹಾಗೆಯೇ, ಮೊಟಕಾದ ಸಂಖ್ಯೆಗೆ ಸಿಕ್ಕ ನಿಖರ ಉತ್ತರ. ಜಾವಾಸ್ಕ್ರಿಪ್ಟ್, ಎಕ್ಸೆಲ್ ಎಲ್ಲವೂ ಇದೇ ಮಾದರಿಯನ್ನು ಬಳಸುವುದರಿಂದ ಭಾಷೆ ಬದಲಾಯಿಸಿ ಪಾರಾಗಲು ಬರುವುದಿಲ್ಲ. 0.5, 0.375, 0.5625 ಇವುಗಳನ್ನಷ್ಟೇ ಕೊಟ್ಟು ಪರೀಕ್ಷಿಸಿದವರಿಗೆ ಈ ದೋಷ ಕಾಣಿಸದೇ ಹೋಗುತ್ತದೆ ಎಂಬುದನ್ನೂ ಗಮನಿಸಬೇಕು, ಅವುಗಳ ಛೇದಗಳು 2ರ ಘಾತಗಳೇ ಆಗಿವೆ.

ಇದಕ್ಕಿಂತ ಅಪಾಯಕಾರಿಯಾದದ್ದು ಸದ್ದಿಲ್ಲದೆ ತಪ್ಪುವ ಪ್ರೋಗ್ರಾಮು. ಎರಡು ದಶಮಾಂಶ ಸ್ಥಾನಗಳಿವೆಯೆಂದು 0.29ನ್ನು 100ರಿಂದ ಗುಣಿಸಿ, ಬಂದದ್ದನ್ನು ಪೂರ್ಣಾಂಕಕ್ಕೆ ಕತ್ತರಿಸಿದರೆ 29 ಬರಬೇಕಷ್ಟೆ. ಯಂತ್ರದಲ್ಲಿ ಆ ಗುಣಲಬ್ಧ 28.999999999999996, ಕತ್ತರಿಸಿದರೆ 28. ಅಲ್ಲಿಂದ ಮುಂದೆ 28/100 ಆಗಿ, 7/25 ಎಂದು ಚೆಂದವಾಗಿ ಸಂಕ್ಷೇಪಗೊಂಡು ಹೊರಬರುತ್ತದೆ. ದೈತ್ಯ ಛೇದವಾದರೆ ಕಣ್ಣಿಗೆ ಹೊಡೆಯುತ್ತದೆ, 7/25 ಮಾತ್ರ ಯಾರ ಅನುಮಾನಕ್ಕೂ ಸಿಕ್ಕುವುದಿಲ್ಲ. ಬೆಲೆಯ ಪರೀಕ್ಷೆಯನ್ನು ಪ್ರೋಗ್ರಾಮಿನೊಳಗೇ ಒಂದು ಸಾಲಾಗಿ ಸೇರಿಸಿರಬೇಕೆಂದು ನಾನು ಹಠ ಹಿಡಿಯುವುದು ಇದಕ್ಕೇ. ಕತ್ತರಿಸುವ ಬದಲು ಹತ್ತಿರದ ಪೂರ್ಣಾಂಕಕ್ಕೆ ಸರಿಹೊಂದಿಸಿದರೆ ಈ ಒಂದು ದೋಷ ಹೋಗುತ್ತದೆ.

ಸಂಖ್ಯೆಯನ್ನು ಫ್ಲೋಟ್, ಅಂದರೆ ಮೇಲೆ ಹೇಳಿದ ಎರಡರ ಪದ್ಧತಿಯ ಮೊಟಕು ಸಂಖ್ಯೆ, ಆಗಲು ಬಿಡದೆ ಬಳಕೆದಾರ ಟೈಪ್ ಮಾಡಿದ ಪಠ್ಯವನ್ನೇ ತೆಗೆದುಕೊಳ್ಳುವುದು ಸರಿಯಾದ ಪರಿಹಾರ. ಫ್ರ್ಯಾಕ್ಷನ್ ವರ್ಗಕ್ಕೆ 0.29ನ್ನು ಉದ್ಧರಣ ಚಿಹ್ನೆಗಳೊಳಗೆ ಕೊಟ್ಟರೆ 29/100 ಎಂದೇ ಬರುತ್ತದೆ. ಆದರೆ ಫ್ಲೋಟ್ ಆಗಿಹೋದ ಸಂಖ್ಯೆಯನ್ನು ಮರಳಿ ಪಠ್ಯವಾಗಿಸಿ ಕೊಡುವುದು ಅರ್ಧ ಪರಿಹಾರ ಮಾತ್ರ. 0.1 ಮತ್ತು 0.2ನ್ನು ಕೂಡಿಸಿ ಪಠ್ಯವಾಗಿಸಿದರೆ 0.30000000000000004 ಎಂದು ಬಂದು, ಭಿನ್ನರಾಶಿ 7500000000000001/25000000000000000 ಆಗುತ್ತದೆ; ಛೇದದ ಸೊನ್ನೆಗಳ ಸಾಲೇ ಈ ದೋಷದ ಗುರುತು. 0.00001ನ್ನು ಪಠ್ಯವಾಗಿಸಿದರೆ ಪೈಥಾನ್ ಅದನ್ನು ಹತ್ತರ ಘಾತದ ರೂಪದಲ್ಲಿ ಕೊಡುತ್ತದೆ, ಅದರಲ್ಲಿ ಚುಕ್ಕಿಯೇ ಇರುವುದಿಲ್ಲ. ಚುಕ್ಕಿಯ ನಂತರದ ಅಂಕಿಗಳನ್ನು ಎಣಿಸುವಂತೆ ನಾವೇ ಬರೆದ ಪ್ರೋಗ್ರಾಮು ಅಲ್ಲಿ ಮುಗ್ಗರಿಸುತ್ತದೆ. 1,25,000.50 ಎಂಬಂತೆ ಅಲ್ಪವಿರಾಮವಿರುವ ಪಠ್ಯ ಬಂದರೆ ಮೊದಲು ಅವನ್ನು ತೆಗೆಯಬೇಕು.

ಫ್ಲೋಟ್ ಬಿಟ್ಟು ಬೇರೆ ಏನೂ ಕೈಯಲ್ಲಿಲ್ಲದಿದ್ದರೆ ಪೈಥಾನ್‌ನ ಲಿಮಿಟ್ ಡಿನಾಮಿನೇಟರ್ ಎಂಬ ಕಾರ್ಯ ಇದೆ. ನಾವು ಹೇಳಿದ ಮಿತಿಯೊಳಗಿನ ಛೇದಗಳಲ್ಲಿ ಅತಿ ಹತ್ತಿರದ ಭಿನ್ನರಾಶಿಯನ್ನು ಅದು ಕೊಡುತ್ತದೆ, ಮಿತಿ ಹೇಳದಿದ್ದರೆ 10 ಲಕ್ಷವೆಂದು ತಿಳಿಯುತ್ತದೆ. ಉತ್ತರ ಚಿಕ್ಕದಾಗಿ ಬರಲೆಂದು ಮಿತಿಯನ್ನು 10ಕ್ಕೆ ಇಳಿಸಿದವರಿಗೆ 0.29ರ ಬದಲು 2/7 ಸಿಗುತ್ತದೆ. ದಶಮಾಂಶ ಸ್ಥಾನಗಳಿಗೂ ನಂಬಬಹುದಾದ ಛೇದಕ್ಕೂ ಇರುವ ಮೇಲಿನ ಅಳತೆಯನ್ನು ನೋಡಿಯೇ ಮಿತಿಯನ್ನು ಹೇಳಬೇಕು.

ಎಕ್ಸೆಲ್ ಹಾಳೆಯ ತೊಡಕುಗಳು

ಕೋಶದಲ್ಲಿ 0.34 ಇದೆ, ಭಿನ್ನರಾಶಿಯ ಫಾರ್ಮ್ಯಾಟ್ ಕೊಟ್ಟ ಕೂಡಲೇ 1/3 ಕಾಣುತ್ತದೆ. ಛೇದಕ್ಕೆ ಒಂದೇ ಅಂಕಿ ಎಂಬ ಆಯ್ಕೆ ಅಲ್ಲಿ ಮೊದಲಿಗೇ ಇರುವುದರಿಂದ, 9ರವರೆಗಿನ ಛೇದಗಳಲ್ಲಿ ಹತ್ತಿರದ್ದನ್ನು ಎಕ್ಸೆಲ್ ತೋರಿಸಿದೆ. ಎರಡಂಕಿಯ ಆಯ್ಕೆಗೆ ಹೋದರೆ 17/50 ಬರುತ್ತದೆ. ಇದು ತೋರಿಕೆಯ ಬದಲಾವಣೆ ಮಾತ್ರ, ಕೋಶದೊಳಗಿನ ಬೆಲೆ 0.34 ಆಗಿಯೇ ಇರುತ್ತದೆ. ಹಾಗಾಗಿ ಇದರ ಮೂರು ಪಟ್ಟು ತೆಗೆದರೆ 1 ಬರದೆ 1.02 ಬರುತ್ತದೆ, ನೋಡಿದವರು ಮೊತ್ತ ತಪ್ಪಿದೆಯೆಂದು ದೂರುತ್ತಾರೆ. ಎಂಟರ ಛೇದ ಎಂಬ ಆಯ್ಕೆಯಲ್ಲಿ 0.5 ಎಂಬುದು 4/8 ಎಂದು ಕಾಣುವುದೂ ದೋಷವಲ್ಲ. ಆ ಆಯ್ಕೆಯ ಉದ್ದೇಶವೇ ಛೇದವನ್ನು ಹಿಡಿದಿಡುವುದು, ಅದು ಸಂಕ್ಷೇಪಿಸುವುದಿಲ್ಲ.

ಖಾಲಿ ಕೋಶದಲ್ಲಿ 1/2 ಎಂದು ಹೊಡೆದರೆ ತಾರೀಖು ಆಗುವುದು ಎಲ್ಲರಿಗೂ ಗೊತ್ತಿರುವ ಕಿರಿಕಿರಿ. ಮೊದಲು ಸೊನ್ನೆ, ಒಂದು ಖಾಲಿ ಜಾಗ, ಆಮೇಲೆ 1/2 ಎಂದು ಹೊಡೆದರೆ ಭಿನ್ನರಾಶಿಯಾಗಿಯೇ ಉಳಿಯುತ್ತದೆ. ಒಮ್ಮೆ ತಾರೀಖಾದ ಕೋಶಕ್ಕೆ ಆಮೇಲೆ ಭಿನ್ನರಾಶಿಯ ಫಾರ್ಮ್ಯಾಟ್ ಕೊಟ್ಟರೆ ನಲವತ್ತು ಸಾವಿರದ ಮೇಲಿನ ಯಾವುದೋ ಪೂರ್ಣಾಂಕ ಬರುತ್ತದೆಯೇ ಹೊರತು ಅರ್ಧ ಮರಳುವುದಿಲ್ಲ. ಅಳಿಸಿ ಮತ್ತೆ ಹೊಡೆಯಬೇಕು.

ಋಣ ಸಂಖ್ಯೆಗಳು

−2.25ನ್ನು ಮಿಶ್ರ ಭಿನ್ನರಾಶಿ ಮಾಡುವಾಗ ಪೂರ್ಣಾಂಕ ಭಾಗಕ್ಕೆ ಕೆಳಗಿನ ಪೂರ್ಣಾಂಕವನ್ನು ಹಿಡಿಯುವ ಕಾರ್ಯವನ್ನು ಬಳಸಿದರೆ −3 ಮತ್ತು 0.75 ಸಿಕ್ಕಿ, ಉತ್ತರ −3 3/4 ಎಂದು ಅಚ್ಚಾಗುತ್ತದೆ. ಸರಿಯಾದದ್ದು −2 1/4. ಚಿಹ್ನೆಯನ್ನು ಮೊದಲೇ ಬೇರ್ಪಡಿಸಿ, ಧನ ಸಂಖ್ಯೆಯ ಮೇಲೆ ಲೆಕ್ಕ ನಡೆಸಿ, ಕೊನೆಯಲ್ಲಿ ಚಿಹ್ನೆಯನ್ನು ಅಂಶಕ್ಕೆ ಸೇರಿಸಿದರೆ ಇದರ ಜೊತೆಗೆ ಇನ್ನೆರಡು ದೋಷಗಳೂ ತಪ್ಪುತ್ತವೆ. 1ರಿಂದ ಅಂಶದವರೆಗೆ ಒಂದೊಂದೇ ಸಂಖ್ಯೆಯಿಂದ ಭಾಗಿಸಿ ಮ.ಸಾ.ಅ. ಹುಡುಕುವ ಲೂಪ್, ಅಂಶ ಋಣವಾಗಿದ್ದರೆ ಒಮ್ಮೆಯೂ ಓಡದೆ −5/10ನ್ನು ಹಾಗೆಯೇ ಬಿಟ್ಟುಬಿಡುತ್ತದೆ. ಸಿ ಭಾಷೆಯಲ್ಲಿ ಶೇಷಕ್ಕೆ ಭಾಜ್ಯದ ಚಿಹ್ನೆಯೇ ಬರುವುದರಿಂದ ಯೂಕ್ಲಿಡನ ಕ್ರಮ −5 ಮತ್ತು 10ಕ್ಕೆ ಮ.ಸಾ.ಅ. −5 ಎಂದು ಹೇಳಿ, ಉತ್ತರ 1/−2 ಎಂಬ ವಿಕಾರ ರೂಪದಲ್ಲಿ ಬರುತ್ತದೆ. ಬೆಲೆ ಸರಿ, ರೂಪ ಒಪ್ಪತಕ್ಕದ್ದಲ್ಲ.

ದುರಸ್ತಿಯ ನಂತರ ಪ್ರೋಗ್ರಾಮಿಗೆ ಕೊಟ್ಟು ನೋಡಬೇಕಾದ ಸಂಖ್ಯೆಗಳನ್ನು ಆರಿಸುವಾಗ ಸುಲಭದವನ್ನೇ ಆರಿಸಬಾರದು. 0 ಕೊಟ್ಟರೆ 0/1, 5 ಕೊಟ್ಟರೆ 5/1, −0.5 ಕೊಟ್ಟರೆ −1/2, 0.05 ಕೊಟ್ಟರೆ 1/20, 0.29 ಕೊಟ್ಟರೆ 29/100, 0.00001 ಕೊಟ್ಟರೆ 1/100000, 0.111 ಕೊಟ್ಟರೆ 111/1000, −2.25 ಕೊಟ್ಟರೆ −9/4 ಬರಬೇಕು. 0.4615 ಕೊಟ್ಟಾಗ 923/2000 ಬಂದರೆ ಅದನ್ನು ತಿದ್ದಲು ಹೋಗಬೇಡಿ. ಅಂದಾಜು ಉತ್ತರ ಬೇಕೆಂದು ಬಳಕೆದಾರ ಬೇರೆಯಾಗಿ ಕೇಳಿದಾಗ ಮಾತ್ರ ಪ್ರೋಗ್ರಾಮು 6/13 ಎನ್ನಬೇಕು, ಮತ್ತು ಆಗಲೂ ಎರಡರ ನಡುವಿನ ವ್ಯತ್ಯಾಸವನ್ನು ಪಕ್ಕದಲ್ಲೇ ತೋರಿಸಬೇಕು.